ಬೇಸಿಗೆಯಲ್ಲಿ ಬೆಟ್ಟ: ಎಷ್ಟು ಗಂಟೆಗೆ ಇಳಿದಿರಬೇಕು?

ಪ್ರಶ್ನೆ: ಮಕ್ಕಳಿಗೆ ರಜೆ ಶುರುವಾಗ್ತಿದೆ. ಏಪ್ರಿಲ್‌ನಲ್ಲಿ ಸಾವನದುರ್ಗ, ಶಿವಗಂಗೆಯಂಥ ಬೆಟ್ಟ ಹತ್ತಬಹುದಾ? ಎಷ್ಟು ಹೊತ್ತಿಗೆ ಹೊರಡಬೇಕು?

ಉತ್ತರ: ಹತ್ತಬಹುದು. ಆದರೆ ಹೊರಡುವ ಹೊತ್ತಿಗಿಂತ ಮೊದಲು ಇಳಿಯುವ ಹೊತ್ತನ್ನು ಗೊತ್ತುಮಾಡಿಕೊಳ್ಳಿ. 10 ಗಂಟೆಗೆಲ್ಲ ಎಲ್ಲರೂ ಬೆಟ್ಟದ ಬುಡದಲ್ಲಿರಬೇಕು ಅಂತಿಟ್ಟುಕೊಂಡು ಹಿಂದಕ್ಕೆ ಲೆಕ್ಕ ಹಾಕಿ. ಆಗ ಬೆಳಕು ಹರಿಯುತ್ತಿದ್ದಂತೆ ಹತ್ತಲು ಶುರುಮಾಡಲೇಬೇಕಾಗುತ್ತದೆ. ಎಂಟೂವರೆ ಆದರೂ ತುದಿ ಸಿಗಲಿಲ್ಲವೋ, ಅಲ್ಲಿಂದಲೇ ವಾಪಸ್ ತಿರುಗಿ.

ಮೇಲೆ ತಂಪಿರುತ್ತಲ್ವಾ ಅಂತ ಹಲವರು ಕೇಳುತ್ತಾರೆ. ಸಾವಿರ ಮೀಟರ್ ಏರಿದರೆ ಸುಮಾರು 6.5 ಡಿಗ್ರಿ ಕಡಿಮೆಯಾಗುತ್ತದೆ, ನಿಜ. ಆದರೆ ಬೆಂಗಳೂರು ಇರುವುದೇ 920 ಮೀಟರ್ ಎತ್ತರದಲ್ಲಿ. ಸಾವನದುರ್ಗದ ತುದಿ 1226 ಮೀಟರ್. ಸಿಗುವ ಲಾಭ ಬರೀ ಎರಡು ಡಿಗ್ರಿ. ಅದನ್ನು ಬಂಡೆಯೇ ನುಂಗಿಹಾಕುತ್ತದೆ. ಹವಾಮಾನ ವರದಿಯ 34 ಡಿಗ್ರಿ ನೆರಳಿನ ಲೆಕ್ಕ. ಬೋಳು ಬಂಡೆಯ ಮೇಲೆ ನೆರಳೆಲ್ಲಿ? ಹನ್ನೊಂದರ ಹೊತ್ತಿಗೆ ಅದು ಕಾದ ಹೆಂಚು. ಅಂಗೈ ಊರಿ ಹತ್ತುವ ಕಡೆ ಕೈ ಇಡಲೂ ಕಷ್ಟ.

ಹಾಗಾದರೆ ಸಂಜೆ ಹೋದರೆ? ಈ ತಿಂಗಳುಗಳಲ್ಲಿ ಸಂಜೆ ಬೇಡವೇ ಬೇಡ. ಹಗಲೆಲ್ಲ ಕುಡಿದ ಶಾಖವನ್ನು ಬಂಡೆ ಸಂಜೆವರೆಗೂ ಉಗುಳುತ್ತಿರುತ್ತದೆ. ಅದಕ್ಕಿಂತ ದೊಡ್ಡ ಭಯ ಸಿಡಿಲು. ಅಶ್ವಿನಿ, ಭರಣಿ ಮಳೆಗಳು ಹೆಚ್ಚಾಗಿ ಮಧ್ಯಾಹ್ನದ ಮೇಲೆ, ಗುಡುಗಿನ ಜೊತೆಗೇ ಬರುವುದು. ಮರವಿಲ್ಲದ ತುದಿಯಲ್ಲಿ ನಿಂತಾಗ ಸುತ್ತಮುತ್ತ ಎಲ್ಲಕ್ಕಿಂತ ಎತ್ತರ ನೀವೇ. ಗುಡುಗು ಕೇಳಿದ ಕೂಡಲೇ ಇಳಿಯಲು ಹೊರಡಿ, ಫೋಟೋ ಆಮೇಲೆ. ನೆಂದ ಬಂಡೆ ಕಾಲು ನಿಲ್ಲಗೊಡುವುದಿಲ್ಲ.

ಒಣ ಬಂಡೆಯೂ ಜಾರುತ್ತದೆ ಅನ್ನುವುದು ಎಷ್ಟೋ ಜನಕ್ಕೆ ಗೊತ್ತಿರಲ್ಲ. ಬಿಸಿಲಿಗೆ ಕಲ್ಲಿನ ಮೇಲ್ಪದರ ಪುಡಿಯಾಗಿ ಸಕ್ಕರೆ ಹರಳಿನಷ್ಟು ಗಾತ್ರದ ಮರಳು ಕೂತಿರುತ್ತದೆ. ಹತ್ತುವಾಗ ಅದು ತಿಳಿಯುವುದೇ ಇಲ್ಲ. ಇಳಿಯುವಾಗ ಹಿಮ್ಮಡಿ ಊರಿದರೆ ಸರ್ರನೆ ಜಾರುತ್ತದೆ. ಪಾದ ಪೂರ್ತಿ ಊರಿ, ಮಂಡಿ ಸ್ವಲ್ಪ ಬಗ್ಗಿಸಿ, ಸಣ್ಣ ಸಣ್ಣ ಹೆಜ್ಜೆ ಇಡಿ. ಸವೆದ ಶೂ ಬೇಡ.

ಇನ್ನು ಹೆಜ್ಜೇನು. ಬಂಡೆಯ ಚಾಚಿನ ಕೆಳಗೆ ಕಪ್ಪಗೆ ನೇತಾಡುವ ಹುಟ್ಟು ಕಂಡರೆ ಕೂಗಾಟ ಬೇಡ, ಹೊಗೆಯಂತೂ ಬೇಡವೇ ಬೇಡ. ಆ ದಿನ ಸೆಂಟ್ ಹಾಕಿಕೊಳ್ಳಬೇಡಿ. ಎದ್ದುಬಿಟ್ಟರೆ ಕೈ ಬೀಸದೆ, ಮುಖ ಮುಚ್ಚಿಕೊಂಡು ದೂರ ಹೋಗಿ.

ದೊಡ್ಡವರಿಗೆ ಒಬ್ಬೊಬ್ಬರಿಗೆ ಎರಡರಿಂದ ಮೂರು ಲೀಟರ್ ನೀರು ಇರಲಿ. ಬರೀ ನೀರು ಸಾಲದು, ಓಆರ್‌ಎಸ್ ಅಥವಾ ಉಪ್ಪು ಹಾಕಿದ ಮಜ್ಜಿಗೆಯೂ ಬೇಕು. ಯಾರಾದರೂ ತಲೆ ಸುತ್ತುತ್ತಿದೆ, ವಾಕರಿಕೆ ಬರುತ್ತಿದೆ ಅಂದರೆ ಅಲ್ಲಿಗೇ ನಿಲ್ಲಿಸಿ, ನೆರಳಿಗೆ ಕರೆತನ್ನಿ. ಮಾತು ತೊದಲಿದರೆ ಮೈಗೆ ನೀರು ಹಾಕುತ್ತಾ ಆಸ್ಪತ್ರೆಗೆ ಸಾಗಿಸಿ.

ಪಶ್ಚಿಮ ಘಟ್ಟದ ಕಡೆ ಹೋಗುವ ಯೋಚನೆ ಇದ್ದರೆ ಮೊದಲು ಅರಣ್ಯ ಇಲಾಖೆಯನ್ನು ಕೇಳಿ. ಕಾಡ್ಗಿಚ್ಚಿನ ಭಯಕ್ಕೆ ಬೇಸಿಗೆಯಲ್ಲಿ ಅಲ್ಲಿನ ಎಷ್ಟೋ ದಾರಿಗಳನ್ನು ಮುಚ್ಚುತ್ತಾರೆ. 2018ರ ಮಾರ್ಚ್ 11ರಂದು ತಮಿಳುನಾಡಿನ ಕುರಂಗಣಿಯಲ್ಲಿ ಒಣಹುಲ್ಲಿಗೆ ಹತ್ತಿದ ಬೆಂಕಿಗೆ ಸಿಕ್ಕಿ 20ಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಮುಚ್ಚಿದ ದಾರಿಗೆ ಕಳ್ಳದಾರಿಯಿಂದ ಕರೆದೊಯ್ಯುತ್ತೇವೆ ಅನ್ನುವವರ ಜೊತೆ ದಯವಿಟ್ಟು ಹೋಗಬೇಡಿ.

ಮಕ್ಕಳ ಜೊತೆ ಮೊದಲ ಸಲ ಅಂದರೆ ನಾನು ಶಿವಗಂಗೆಯನ್ನೇ ಹೇಳುತ್ತೇನೆ. ಕಡಿದಾಗಿದ್ದರೂ ಮೆಟ್ಟಿಲಿದೆ, ಕಂಬಿ ಇದೆ. ಕೋತಿಗಳ ಕಾಟವೂ ಇದೆ, ತಿಂಡಿ ಬ್ಯಾಗಿನೊಳಗೇ ಇರಲಿ. ಸಾವನದುರ್ಗವನ್ನು ನವೆಂಬರ್‌ಗೆ ಇಟ್ಟುಕೊಳ್ಳಿ.