‘52 ಕೆಜಿ’ ಅಂದರೆ ಪೈಥಾನ್ ಯಾಕೆ ಮುನಿಸಿಕೊಳ್ಳುತ್ತದೆ?

ಬಾಗಲಕೋಟೆಯ ದಲಾಲಿ ಅಂಗಡಿಗೆ ಉಳ್ಳಾಗಡ್ಡಿ ತೂಕ ಬರೆದಿಡುವ ಸಣ್ಣ ಪ್ರೋಗ್ರಾಮ್ ಒಂದನ್ನು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಮಾಡಿದ್ದೀರಿ ಅಂದುಕೊಳ್ಳಿ. 30 ಚೀಲ ಆದ ಮೇಲೆ ಗುಮಾಸ್ತರು ‘52 ಕೆಜಿ’ ಎಂದು ಟೈಪ್ ಮಾಡುತ್ತಾರೆ. ವ್ಯಾಲ್ಯೂ ಎರರ್, ಅಂದರೆ ಕೊಟ್ಟದ್ದು ಸಂಖ್ಯೆಯಲ್ಲ ಎಂಬ ತಕರಾರು! ಪ್ರೋಗ್ರಾಮ್ ಅಲ್ಲೇ ನಿಂತಿತು, ಹಾಕಿದ ತೂಕವೆಲ್ಲ ಹೋಯಿತು. “ಅವರಿಗೆ ಕಂಪ್ಯೂಟರ್ ಬರಂಗಿಲ್ರಿ” ಎನ್ನುವವರನ್ನು ಕಂಡರೆ ನನಗೆ ಸಿಟ್ಟು. ತೂಕ ಕೇಳಿದರೆ ಮನುಷ್ಯರು ಕೆಜಿ ಅಂತಲೇ ಹೇಳುತ್ತಾರೆ, ಅಲ್ವಾ? ಮತ್ತೊಮ್ಮೆ ಕೇಳುವುದು ಪ್ರೋಗ್ರಾಮಿನ ಕೆಲಸ.

ಪೈಥಾನ್ 3ರ ಇನ್‌ಪುಟ್, ನೀವು ಏನೇ ಒತ್ತಿದರೂ ಅಕ್ಷರಗಳ ಸಾಲನ್ನೇ ಕೊಡುತ್ತದೆ. ಅದನ್ನು ಪೂರ್ಣಸಂಖ್ಯೆ ಮಾಡುವುದು ಇಂಟ್. ಹಿಂದೆ ಮುಂದೆ ಖಾಲಿ ಜಾಗ ಇದ್ದರೆ ಅದು ಸುಮ್ನೆ ಬಿಡುತ್ತದೆ. ಅಕ್ಷರ ಸೇರಿದ ‘52 ಕೆಜಿ’ ಒಪ್ಪುವುದಿಲ್ಲ, ‘1,200’ ಒಪ್ಪುವುದಿಲ್ಲ, ‘52.5’ ಕೂಡ ಇಲ್ಲ. ಅರ್ಧ ಕೆಜಿ ಬೇಕಿದ್ದರೆ ಇಂಟ್ ಬದಲು ಫ್ಲೋಟ್ ಬಳಸಿ. ಆದರೆ ‘೫೨’ ಕೊಟ್ಟು ನೋಡಿ, ಸಲೀಸಾಗಿ 52 ಆಗುತ್ತದೆ! ಕನ್ನಡ ಕಂಪ್ಯೂಟರಿಗೆ ಆಗಿಬರಲ್ಲ ಎನ್ನುವವರಿಗೆ ಇದನ್ನು ತೋರಿಸಬೇಕು. ತೂಕ ಕೇಳುವ ಫಂಕ್ಷನ್ನಿಗೆ, ಅಂದರೆ ಬೇಕಾದಾಗ ಹೆಸರು ಹಿಡಿದು ಕರೆಯುವ ಪ್ರೋಗ್ರಾಮ್ ತುಣುಕಿಗೆ, ‘ತೂಕ_ಕೇಳು’ ಎಂದು ಹೆಸರಿಟ್ಟರೂ ತಕರಾರಿಲ್ಲ.

ಆ ಫಂಕ್ಷನ್ನಿನೊಳಗೆ ಒಂದು ವೈಲ್ ಟ್ರೂ ಲೂಪ್, ಅಂದರೆ ನಿಲ್ಲಿಸುವ ತನಕ ತಿರುಗುತ್ತಲೇ ಇರುವ ಸುತ್ತು. ಟ್ರೈ ಎಂಬ ಭಾಗದಲ್ಲಿ ಸಂಖ್ಯೆ ಮಾಡಿ ರಿಟರ್ನ್, ಅಂದರೆ ಕರೆದವರಿಗೆ ಉತ್ತರ ಕೊಟ್ಟು ಮುಗಿಸುವುದು. ವ್ಯಾಲ್ಯೂ ಎರರ್ ಬಂದರೆ, ತಪ್ಪನ್ನು ಹಿಡಿಯುವ ಎಕ್ಸೆಪ್ಟ್‌ನಲ್ಲಿ ‘ಬರೀ ಅಂಕಿ ಹಾಕ್ರಿ’ ಎಂಬ ಮಾತು. ಲೂಪ್ ತಿರುಗಿ ಬಂದು ಮತ್ತೆ ಕೇಳುತ್ತದೆ.

ಹಲವರು ಲೂಪ್ ಬಿಟ್ಟು ಎಕ್ಸೆಪ್ಟ್‌ನಲ್ಲಿ ಅದೇ ಫಂಕ್ಷನನ್ನು ಮತ್ತೆ ಕರೆಯುತ್ತಾರೆ. ಆಗ ಹಳೆಯ ಕರೆ ಮುಗಿಯುವುದಿಲ್ಲ, ಹೊಸದರ ಉತ್ತರಕ್ಕೆ ಕಾಯುತ್ತಾ ಅಡಿಯಲ್ಲಿರುತ್ತದೆ, ಗೋದಾಮಿನಲ್ಲಿ ಚೀಲದ ಮೇಲೆ ಚೀಲ ಒಟ್ಟಿದ ಹಾಗೆ. ಮೂರು ಸಲ ತಪ್ಪಿದರೆ ನಾಲ್ಕು ಕರೆ. ನಾಲ್ಕನೆಯದಕ್ಕೆ 52 ಸಿಕ್ಕಿತು, ಅದನ್ನು ಮೂರನೆಯದರ ಕೈಗೆ ಕೊಟ್ಟಿತು. ಎಕ್ಸೆಪ್ಟ್‌ನಲ್ಲಿ ರಿಟರ್ನ್ ಬರೆಯಲು ಮರೆತಿದ್ದರೆ 52 ಅಲ್ಲೇ ಬಿದ್ದುಹೋಗುತ್ತದೆ. ಲೆಕ್ಕಕ್ಕೆ ಸಿಗುವುದು ‘ನನ್’, ಅಂದರೆ ಏನೂ ಇಲ್ಲ. ಎರರ್ ಬರುವುದು ಎಲ್ಲೋ ಮುಂದೆ, ಮೊತ್ತ ಕೂಡುವಾಗ. ಹುಡುಕುವವರ ಪಾಡು ಕೇಳಬೇಡಿ. ಒಟ್ಟುವುದಕ್ಕೂ ಮಿತಿ ಇದೆ, ಸಾಮಾನ್ಯವಾಗಿ 1000 ಕರೆ.

1949ರಲ್ಲಿ ಕೇಂಬ್ರಿಜ್‌ನಲ್ಲಿ ಶುರುವಾದ ಎಡ್ಸ್ಯಾಕ್ ಕಂಪ್ಯೂಟರಿನಲ್ಲಿ ಹೀಗೆ ತನ್ನನ್ನೇ ಕರೆದು ಒಟ್ಟಲು ಎಡೆಯೇ ಇರಲಿಲ್ಲ. ಡೇವಿಡ್ ವ್ಹೀಲರ್ ಕಂಡುಹಿಡಿದ ಉಪಾಯದಲ್ಲಿ, ಕೆಲಸ ಮುಗಿಸಿ ಎಲ್ಲಿಗೆ ವಾಪಸ್ ಹೋಗಬೇಕೆಂಬುದನ್ನು ಕರೆಸಿಕೊಂಡ ಪ್ರೋಗ್ರಾಮ್ ತುಣುಕಿನ ಕೊನೆಯ ಆದೇಶದಲ್ಲೇ ಬರೆದುಬಿಡುತ್ತಿದ್ದರು. ಜಾಗ ಒಂದೇ. ತನ್ನನ್ನೇ ಕರೆದುಕೊಂಡರೆ ಹಳೆಯ ವಿಳಾಸ ಅಳಿಸಿಹೋಗುತ್ತಿತ್ತು.

ಚೀಲ ಎಷ್ಟೆಂದು ಮೊದಲೇ ಗೊತ್ತಿಲ್ಲದಿದ್ದರೆ, ಖಾಲಿ ಎಂಟರ್ ಒತ್ತಿದಾಗ ನಿಲ್ಲಿಸಿ. ಆ ಪರೀಕ್ಷೆ ಇಂಟ್‌ಗಿಂತ ಮೊದಲೇ ಇರಲಿ. ಇಲ್ಲದಿದ್ದರೆ ಅದನ್ನೂ ತಪ್ಪೆಂದುಕೊಂಡು ಪ್ರೋಗ್ರಾಮ್ ಅಂಗಡಿ ಮುಚ್ಚುವ ತನಕ ಕೇಳುತ್ತಲೇ ಇರುತ್ತದೆ.