ಡೆಬಿಯನ್ ಹಾಕಿದೆ, ಗ್ನೋಮ್ ಒಗ್ಗಲಿಲ್ಲ: ಈಗೇನು ಮಾಡಲಿ?

ಓದುಗರ ಪ್ರಶ್ನೆ: ಹಳೇ ಲ್ಯಾಪ್‌ಟಾಪ್‌ಗೆ ಡೆಬಿಯನ್ 13 ಹಾಕಿಕೊಂಡಿದ್ದೇನೆ. 4 ಜಿಬಿ ರ‍್ಯಾಮ್ ಇದೆ. ಪರದೆ ಮೇಲೆ ಒಂದೂ ಐಕಾನ್ ಇಲ್ಲ, ಕೆಳಗೆ ಟಾಸ್ಕ್‌ಬಾರ್ ಇಲ್ಲ, ಮಿನಿಮೈಸ್ ಬಟನ್ ಕೂಡ ಇಲ್ಲ. ಬೇರೆ ಡೆಸ್ಕ್‌ಟಾಪ್ ಬೇಕು ಅಂದ್ರೆ ಮತ್ತೆ ಮೊದಲಿಂದ ಇನ್‌ಸ್ಟಾಲ್ ಮಾಡಬೇಕಾ? ಯಾವುದು ಹಾಕಿಕೊಳ್ಳಲಿ? ನಾನು ಕನ್ನಡದಲ್ಲಿ ಟೈಪ್ ಮಾಡೋದು ಜಾಸ್ತಿ.

ಉತ್ತರ: ಮತ್ತೆ ಇನ್‌ಸ್ಟಾಲ್ ಮಾಡಬೇಕಾಗಿಲ್ಲ. ಡೆಬಿಯನ್ ಒಂದು ಬಗೆಯ ಲಿನಕ್ಸ್, ಲಿನಕ್ಸ್‌ನಲ್ಲಿ ಡೆಸ್ಕ್‌ಟಾಪ್ ಅನ್ನುವುದು ಮೇಲಿನ ಒಂದು ಪದರ ಅಷ್ಟೇ. ಪ್ಯಾನಲ್, ಮೆನು, ವಿಂಡೋಗಳನ್ನು ಸರಿಸುವ ಪ್ರೋಗ್ರಾಂ, ಫೈಲ್ ಮ್ಯಾನೇಜರ್, ಸೆಟ್ಟಿಂಗ್ಸ್, ಇಷ್ಟು ಸೇರಿದರೆ ಒಂದು ಡೆಸ್ಕ್‌ಟಾಪ್. ನಿಮ್ಮ ಫೈಲುಗಳು, ಫೈರ್‌ಫಾಕ್ಸ್, ಲಿಬ್ರೆ ಆಫೀಸ್, ಪ್ರಿಂಟರ್ ಇವೆಲ್ಲ ಇದ್ದಲ್ಲೇ ಇರುತ್ತವೆ. ಒಂದೇ ಕಂಪ್ಯೂಟರಿನಲ್ಲಿ ಎರಡು ಮೂರು ಡೆಸ್ಕ್‌ಟಾಪ್ ಇಟ್ಟುಕೊಂಡು ಲಾಗಿನ್ ಆಗುವಾಗ ಯಾವುದು ಬೇಕೋ ಅದನ್ನು ಆರಿಸಬಹುದು.

ನಿಮಗೆ ಸಿಕ್ಕಿರುವುದು ಗ್ನೋಮ್ ಎಂಬ ಡೆಸ್ಕ್‌ಟಾಪ್. ಡೆಬಿಯನ್‌ನ ಮಾಮೂಲಿ ಇನ್‌ಸ್ಟಾಲರ್‌ನಲ್ಲಿ ಕೊನೆಯ ಹೊತ್ತಿಗೆ ಒಂದು ಪಟ್ಟಿ ಬರುತ್ತದೆ. ಗ್ನೋಮ್, ಎಕ್ಸ್‌ಎಫ್‌ಸಿಇ, ಕೆಡಿಇ ಪ್ಲಾಸ್ಮಾ, ಸಿನಮನ್, ಮಾಟೆ, ಎಲ್‌ಎಕ್ಸ್‌ಡಿಇ, ಎಲ್‌ಎಕ್ಸ್‌ಕ್ಯೂಟಿ, ಎಲ್ಲವೂ ಅಲ್ಲಿರುತ್ತವೆ. ಗ್ನೋಮ್‌ಗೆ ಮೊದಲೇ ಗುರುತು ಹಾಕಿರುತ್ತದೆ. ಆ ಹೊತ್ತಿಗೆ ಸಾಕಾಗಿ ಹೋಗಿರುವ ನಾವು ಸುಮ್ನೆ ಮುಂದೆ ಒತ್ತುತ್ತೇವೆ.

ಐಕಾನ್ ಇಲ್ಲ, ಟಾಸ್ಕ್‌ಬಾರ್ ಇಲ್ಲ ಅಂದರೆ ಏನೋ ಕೆಟ್ಟಿದೆ ಎಂದಲ್ಲ. 2011ರಲ್ಲಿ ಗ್ನೋಮ್ 3 ಬಂದಾಗ ಅದನ್ನು ಮಾಡಿದವರು ಬೇಕೆಂದೇ ಈ ದಾರಿ ಹಿಡಿದರು. ಕೀಬೋರ್ಡಿನಲ್ಲಿ ವಿಂಡೋಸ್ ಗುರುತಿರುವ ಕೀ ಇದೆಯಲ್ಲ, ಲಿನಕ್ಸ್‌ನಲ್ಲಿ ಅದಕ್ಕೆ ಸೂಪರ್ ಕೀ ಅನ್ನುತ್ತಾರೆ. ಅದನ್ನು ಒತ್ತಿದರೆ ತೆರೆದಿರುವ ವಿಂಡೋಗಳೆಲ್ಲ ಒಟ್ಟಿಗೆ ಕಾಣುತ್ತವೆ. ಹಾಗೇ ಹೆಸರಿನ ಎರಡು ಅಕ್ಷರ ಬರೆದರೆ ಬೇಕಾದ ಪ್ರೋಗ್ರಾಂ ಬರುತ್ತದೆ. ಮಿನಿಮೈಸ್ ಮಾಡುವ ಬದಲು ಇನ್ನೊಂದು ವರ್ಕ್‌ಸ್ಪೇಸ್‌ಗೆ, ಅಂದರೆ ಪಕ್ಕದ ಇನ್ನೊಂದು ಖಾಲಿ ಪರದೆಗೆ, ಹೋಗಿ ಅನ್ನುವುದು ಅವರ ಲೆಕ್ಕ. ಟಚ್‌ಪ್ಯಾಡ್ ಮೇಲೆ ಮೂರು ಬೆರಳು ಎಳೆದರೆ ವರ್ಕ್‌ಸ್ಪೇಸ್ ಬದಲಾಗುತ್ತದೆ. ಕೆಲವರಿಗೆ ಇದು ಒಗ್ಗಿದ ಮೇಲೆ ಬೇರೆ ಯಾವುದೂ ಬೇಡವೆನಿಸುತ್ತದೆ. ಮೌಸ್ ಹಿಡಿದೇ ಕೆಲಸ ಮಾಡುವವರಿಗೆ ಒಗ್ಗುವುದೇ ಇಲ್ಲ. ಒಂದಷ್ಟು ದಿನ ಸೂಪರ್ ಕೀ ಬಳಸಿ ನೋಡಿ. ಆಮೇಲೂ ಕಿರಿಕಿರಿ ಆದರೆ ಬಿಟ್ಟುಬಿಡಿ.

ಇಲ್ಲೊಂದು ಮಾತು. ಗ್ನೋಮ್‌ಗೆ ಎಕ್ಸ್‌ಟೆನ್ಶನ್ ಎಂಬ ಚಿಕ್ಕ ಸೇರ್ಪಡೆಗಳನ್ನು ಹಾಕಿ ಟಾಸ್ಕ್‌ಬಾರ್ ತರಬಹುದು, ಐಕಾನ್ ತರಬಹುದು. ಗ್ನೋಮ್ ಟ್ವೀಕ್ಸ್‌ನಲ್ಲಿ ಮಿನಿಮೈಸ್ ಬಟನ್ ಕೂಡ ಸಿಗುತ್ತದೆ. ಒಂದೆರಡು ಹಾಕಿಕೊಂಡರೆ ತೊಂದರೆ ಇಲ್ಲ. ಡೆಬಿಯನ್ ಪ್ಯಾಕೇಜುಗಳಲ್ಲೇ ಡ್ಯಾಶ್ ಟು ಪ್ಯಾನಲ್, ಡ್ಯಾಶ್ ಟು ಡಾಕ್ ಇವೆ, ಅವನ್ನೇ ಬಳಸಿ. ಆದರೆ ಐದಾರು ಎಕ್ಸ್‌ಟೆನ್ಶನ್ ಹಾಕಿ ಗ್ನೋಮನ್ನು ವಿಂಡೋಸ್ ಥರ ಮಾಡಲು ಹೊರಟಿದ್ದೀರಿ ಅಂದರೆ ನಿಮಗೆ ಬೇಕಾಗಿರುವುದು ಗ್ನೋಮ್ ಅಲ್ಲ. ಗ್ನೋಮ್ ಆರು ತಿಂಗಳಿಗೊಮ್ಮೆ ಹೊಸ ಆವೃತ್ತಿ ತರುತ್ತದೆ, ಪ್ರತಿ ಸಲವೂ ಕೆಲವು ಎಕ್ಸ್‌ಟೆನ್ಶನ್ ಕೈಕೊಡುತ್ತವೆ. ಡೆಬಿಯನ್ 13ರಲ್ಲಿ ಗ್ನೋಮ್ 48 ಇದೆ, ಮುಂದಿನ ಡೆಬಿಯನ್ ಬರುವವರೆಗೆ ಅದೇ ಇರುತ್ತದೆ. ಹಾಗಾಗಿ ಈ ಕಾಟ ಡೆಬಿಯನ್‌ನಲ್ಲಿ ಕಡಿಮೆ, ಆದರೆ ಅಪ್‌ಗ್ರೇಡ್ ಮಾಡುವ ದಿನ ಎಲ್ಲಾ ಒಟ್ಟಿಗೆ ಬರುತ್ತದೆ.

ಇಷ್ಟೊಂದು ಡೆಸ್ಕ್‌ಟಾಪ್ ಯಾಕಿವೆ ಅಂತ ಕೇಳಿದರೆ, ಹೆಚ್ಚಿನವು ಜಗಳದಿಂದ ಹುಟ್ಟಿದವು. 1996ರಲ್ಲಿ ಮಥಿಯಾಸ್ ಎಟ್ರಿಕ್ ಕೆಡಿಇ ಶುರು ಮಾಡಿದರು. ಅದು ಕ್ಯೂಟಿ ಅನ್ನುವ ಲೈಬ್ರರಿಯ ಮೇಲೆ ನಿಂತಿತ್ತು, ಆಗ ಕ್ಯೂಟಿಯ ಲೈಸೆನ್ಸ್ ಪೂರ್ತಿ ಮುಕ್ತವಾಗಿರಲಿಲ್ಲ. ಅದು ಸರಿಬಾರದ ಮಿಗೆಲ್ ದೆ ಇಕಾಜಾ ಮತ್ತು ಫೆಡೆರಿಕೊ ಮೇನಾ 1997ರಲ್ಲಿ ಗ್ನೋಮ್ ಶುರು ಮಾಡಿದರು. ಮುಂದೆ ಕ್ಯೂಟಿಯೂ ಮುಕ್ತವಾಯಿತು, ಆದರೆ ಆ ಹೊತ್ತಿಗೆ ಎರಡು ಊರು ಕಟ್ಟಿಯಾಗಿತ್ತು. ಗ್ನೋಮ್ 3 ಬಂದಾಗ ಹಳೆಯ ಗ್ನೋಮ್ 2 ಬೇಕೇ ಬೇಕು ಅಂದವರು ಅದರ ಕೋಡ್ ತೆಗೆದುಕೊಂಡು ಮಾಟೆ ಮಾಡಿದರು. ಲಿನಕ್ಸ್ ಮಿಂಟ್‌ನವರು ಸಿನಮನ್ ಮಾಡಿದರು. ನಿಮಗೆ ಈಗ ಆಗಿರುವ ಕಿರಿಕಿರಿಯೇ ಅವರಿಗೂ ಆಗಿತ್ತು, ಅಷ್ಟೇ.

ಈಗ ಹಾಕುವ ಕ್ರಮ. ಟರ್ಮಿನಲ್ ತೆರೆದು ಸುಡೊ ಜೊತೆ ಟಾಸ್ಕ್‌ಸೆಲ್ (sudo tasksel) ಎಂದು ಬರೆದು ಎಂಟರ್ ಒತ್ತಿ. ಸುಡೊ ಅಂದರೆ ಆಡಳಿತದ ಅಧಿಕಾರದಲ್ಲಿ ಓಡಿಸು ಎಂದರ್ಥ. ಇನ್‌ಸ್ಟಾಲರ್‌ನಲ್ಲಿ ನೋಡಿದ ಅದೇ ಪಟ್ಟಿ ಬರುತ್ತದೆ. ಬಾಣದ ಕೀಲಿಯಿಂದ ಕೆಳಗಿಳಿದು, ಬೇಕಾದದ್ದರ ಮೇಲೆ ಸ್ಪೇಸ್ ಒತ್ತಿ ಗುರುತು ಹಾಕಿ. ಈಗಾಗಲೇ ಇರುವ ಗುರುತನ್ನು ಮಾತ್ರ ತೆಗೆಯಬೇಡಿ. ತೆಗೆದರೆ ಅದನ್ನು ಅಳಿಸು ಎಂದು ಹೇಳಿದ ಹಾಗೆ. ಸುಡೊ ಕೆಲಸ ಮಾಡಲಿಲ್ಲವಾ? ಇನ್‌ಸ್ಟಾಲ್ ಮಾಡುವಾಗ ರೂಟ್ ಎಂಬ ಆಡಳಿತ ಖಾತೆಗೆ ಪಾಸ್‌ವರ್ಡ್ ಕೊಟ್ಟಿದ್ದರೆ ಡೆಬಿಯನ್ ನಿಮ್ಮನ್ನು ಸುಡೊ ಗುಂಪಿಗೆ ಸೇರಿಸಿರುವುದಿಲ್ಲ. ಆಗ ರೂಟ್ ಆಗಿ ಹೋಗಿ ಅದೇ ಕೆಲಸ ಮಾಡಿ.

ನಡುವೆ ಒಂದು ನೀಲಿ ಪರದೆ ಬಂದು ಡಿಸ್‌ಪ್ಲೇ ಮ್ಯಾನೇಜರ್ ಯಾವುದು ಎಂದು ಕೇಳುತ್ತದೆ. ಗಾಬರಿ ಬೇಡ. ಲಾಗಿನ್ ಪರದೆಯನ್ನು ಯಾರು ತೋರಿಸಬೇಕು ಎಂಬುದಷ್ಟೇ ಪ್ರಶ್ನೆ. ಗ್ನೋಮ್‌ನದು ಜಿಡಿಎಂ3, ಎಕ್ಸ್‌ಎಫ್‌ಸಿಇ ಜೊತೆ ಬರುವುದು ಲೈಟ್‌ಡಿಎಂ, ಕೆಡಿಇ ಜೊತೆ ಎಸ್‌ಡಿಡಿಎಂ. ಯಾವುದನ್ನು ಆರಿಸಿದರೂ ಎಲ್ಲ ಡೆಸ್ಕ್‌ಟಾಪ್‌ಗಳಿಗೂ ಹೋಗಬಹುದು. ಗ್ನೋಮ್ ಇನ್ನೂ ಇರುವಷ್ಟು ದಿನ ಜಿಡಿಎಂ3 ಇಟ್ಟುಕೊಳ್ಳಿ, ಗ್ನೋಮ್‌ನ ಲಾಕ್ ಪರದೆ ಅದನ್ನೇ ನಂಬಿಕೊಂಡಿದೆ. ಆಮೇಲೆ ಲಾಗ್ ಔಟ್ ಆಗಿ. ನಿಮ್ಮ ಹೆಸರು ಒತ್ತಿದ ಮೇಲೆ ಬಲಗಡೆ ಕೆಳಮೂಲೆಯಲ್ಲಿ ಹಲ್ಲಿನ ಚಕ್ರದ ಗುರುತು ಕಾಣುತ್ತದೆ. ಹೊಸ ಡೆಸ್ಕ್‌ಟಾಪನ್ನು ಅಲ್ಲೇ ಆರಿಸಬೇಕು. ಎಷ್ಟೋ ಜನ ಇದನ್ನು ನೋಡದೆ, ಹಾಕಿದೆ ಆದರೆ ಏನೂ ಬದಲಾಗಲಿಲ್ಲ ಅನ್ನುತ್ತಾರೆ.

ಹಾಕುವ ಮೊದಲು ಪರೀಕ್ಷೆಗೆಂದು ಇನ್ನೊಂದು ಬಳಕೆದಾರ ಖಾತೆ ತೆರೆದುಕೊಳ್ಳಿ. ಒಂದೇ ಖಾತೆಯಲ್ಲಿ ನಾಲ್ಕು ಡೆಸ್ಕ್‌ಟಾಪ್ ಓಡಿಸಿದರೆ ಥೀಮು, ಐಕಾನು, ಮೌಸ್ ಬಾಣ, ಯಾವ ಫೈಲನ್ನು ಯಾವುದರಲ್ಲಿ ತೆರೆಯಬೇಕು ಎಂಬ ಸೆಟ್ಟಿಂಗ್ ಎಲ್ಲ ಒಂದರದು ಇನ್ನೊಂದಕ್ಕೆ ತಗುಲಿಕೊಳ್ಳುತ್ತವೆ. ಪರೀಕ್ಷೆ ಖಾತೆಯಲ್ಲಾದರೆ ಏನು ಹಾಳಾದರೂ ಆ ಖಾತೆಯನ್ನೇ ಅಳಿಸಿದರೆ ಮುಗಿಯಿತು. ಅದೂ ಬೇಡವೆಂದರೆ ಡೆಬಿಯನ್ ಲೈವ್ ಐಎಸ್‌ಒಗಳು ಪ್ರತಿ ಡೆಸ್ಕ್‌ಟಾಪ್‌ಗೂ ಬೇರೆ ಬೇರೆ ಸಿಗುತ್ತವೆ. ಪೆನ್‌ಡ್ರೈವ್‌ಗೆ ಬರೆದು, ಅದರಿಂದಲೇ ಬೂಟ್ ಮಾಡಿ ನೋಡಬಹುದು. ಪೆನ್‌ಡ್ರೈವ್‌ನಿಂದ ಓಡುವಾಗ ನಿಧಾನ ಇರುತ್ತದೆ, ವೇಗವನ್ನು ಅದರಿಂದ ಅಳೆಯಬೇಡಿ.

ಸರಿ, ಯಾವುದು? 4 ಜಿಬಿಯ ಹಳೇ ಯಂತ್ರ, ಕೆಳಗೆ ಪಟ್ಟಿ ಬೇಕು, ಐಕಾನ್ ಬೇಕು ಅಂದರೆ ನಾನು ಹೇಳುವುದು ಎಕ್ಸ್‌ಎಫ್‌ಸಿಇ. ಅದೂ 1996ರಿಂದ ಇರುವ ಯೋಜನೆ. ಡೆಬಿಯನ್ 13ರಲ್ಲಿ ಅದರ 4.20 ಆವೃತ್ತಿ ಇದೆ. ವರ್ಷಗಟ್ಟಲೆ ಹೆಚ್ಚು ಬದಲಾಗುವುದಿಲ್ಲ, ಅದೇ ಅದರ ಗುಣ. ಹಳೇ ಲ್ಯಾಪ್‌ಟಾಪ್‌ಗಳ 1366 x 768 ಪರದೆಯಲ್ಲಿ ಗ್ನೋಮ್‌ನ ದಪ್ಪ ತಲೆಪಟ್ಟಿಗಳು ಜಾಸ್ತಿ ಜಾಗ ತಿನ್ನುತ್ತವೆ, ಎಕ್ಸ್‌ಎಫ್‌ಸಿಇಯಲ್ಲಿ ಆ ತೊಂದರೆ ಕಡಿಮೆ.

ಹಗುರ ಡೆಸ್ಕ್‌ಟಾಪ್ ಹಾಕಿದರೆ ಕಂಪ್ಯೂಟರ್ ಹೊಸದರಂತೆ ಓಡುತ್ತದೆ ಎಂಬ ಮಾತನ್ನು ಮಾತ್ರ ಪೂರ್ತಿ ನಂಬಬೇಡಿ. ಗ್ನೋಮ್ ಬಿಟ್ಟು ಎಕ್ಸ್‌ಎಫ್‌ಸಿಇಗೆ ಬಂದರೆ ಉಳಿಯುವುದು ಕೆಲವು ನೂರು ಎಂಬಿ ರ‍್ಯಾಮ್. ಬ್ರೌಸರ್‌ನ ನಾಲ್ಕಾರು ಟ್ಯಾಬ್ ಅದನ್ನು ನುಂಗಿ ನೀರು ಕುಡಿಯುತ್ತವೆ. ಯಂತ್ರದಲ್ಲಿ ಇನ್ನೂ ತಿರುಗುವ ಹಾರ್ಡ್ ಡಿಸ್ಕ್ ಇದ್ದರೆ ಅದನ್ನು ತೆಗೆದು ಎಸ್‌ಎಸ್‌ಡಿ ಹಾಕಿಸಿ. ಯಾವ ಡೆಸ್ಕ್‌ಟಾಪ್ ಬದಲಾವಣೆಯೂ ಅಷ್ಟು ವ್ಯತ್ಯಾಸ ತರುವುದಿಲ್ಲ. 2 ಜಿಬಿ ಮಾತ್ರ ಇದ್ದರೆ ಎಲ್‌ಎಕ್ಸ್‌ಕ್ಯೂಟಿ ನೋಡಿ.

ಕೆಡಿಇ ಪ್ಲಾಸ್ಮಾ ಮೊದಲ ನೋಟಕ್ಕೇ ವಿಂಡೋಸ್ ಥರ ಕಾಣುತ್ತದೆ, ಮೊದಲಿದ್ದಷ್ಟು ಭಾರವೂ ಅಲ್ಲ. 8 ಜಿಬಿ ಇದ್ದಿದ್ದರೆ, ಪರದೆ ಹೊಸದಾಗಿದ್ದು ಅಕ್ಷರಗಳು ತೀರಾ ಸಣ್ಣಗೆ ಕಾಣುತ್ತಿದ್ದರೆ, ಅದನ್ನೇ ಹೇಳುತ್ತಿದ್ದೆ. ಶೇ 125, ಶೇ 150 ಹಿಗ್ಗಿಸುವುದರಲ್ಲಿ ಅದು ಚೆನ್ನಾಗಿದೆ, ಎಕ್ಸ್‌ಎಫ್‌ಸಿಇ ಅಲ್ಲಿ ಹಿಂದೆ. ಸಿನಮನ್, ಮಾಟೆ ಎರಡೂ ಒಳ್ಳೆಯವೇ. ಸಿನಮನ್ ಇಷ್ಟವಾದರೆ ನೇರ ಲಿನಕ್ಸ್ ಮಿಂಟ್ ಹಾಕಿಕೊಳ್ಳುವುದು ಇನ್ನೂ ಸುಲಭ ಅಂತ ನನಗನಿಸುತ್ತದೆ.

ಎಕ್ಸ್‌ಎಫ್‌ಸಿಇಗೆ ಮೊದಲ ಸಲ ಹೋದಾಗ ಮೇಲೊಂದು, ಕೆಳಗೊಂದು ಪ್ಯಾನಲ್ ಇರುತ್ತದೆ. ಕೆಳಗಿನದನ್ನು ತೆಗೆದುಹಾಕಿ. ಮೇಲಿನದರ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ಯಾನಲ್ ಪ್ರಿಫರೆನ್ಸಸ್‌ನಲ್ಲಿ ಲಾಕ್ ಬಿಡಿಸಿ, ಕೆಳಕ್ಕೆ ಎಳೆದು ಮತ್ತೆ ಲಾಕ್ ಮಾಡಿ. ಮಾಮೂಲಿ ಮೆನು ಬದಲು ವಿಸ್ಕರ್ ಮೆನು ಸೇರಿಸಿ, ಅದರಲ್ಲಿ ಹುಡುಕುವ ಜಾಗವೂ ಇದೆ. ಇಷ್ಟಾದರೆ ನೀವು ಕೇಳಿದ್ದೆಲ್ಲ ಬಂತು. ಇನ್ನೆರಡು ಚಿಕ್ಕ ಕೆಲಸ. ಟಚ್‌ಪ್ಯಾಡ್ ತಟ್ಟಿದರೆ ಕ್ಲಿಕ್ ಆಗುತ್ತಿಲ್ಲವೆಂದರೆ ಮೌಸ್ ಮತ್ತು ಟಚ್‌ಪ್ಯಾಡ್ ಸೆಟ್ಟಿಂಗ್‌ನಲ್ಲಿ ಅದಕ್ಕೊಂದು ಗುರುತು ಹಾಕಬೇಕು. ಗ್ರಾಫಿಕ್ಸ್ ತೀರಾ ಹಳೆಯದಾಗಿದ್ದು ವಿಂಡೋ ಎಳೆದಾಗ ತಡವರಿಸಿದರೆ ವಿಂಡೋ ಮ್ಯಾನೇಜರ್ ಟ್ವೀಕ್ಸ್‌ನಲ್ಲಿ ಕಾಂಪೊಸಿಟರ್ (ವಿಂಡೋಗಳಿಗೆ ನೆರಳು, ಪಾರದರ್ಶಕತೆ ಕೊಡುವ ಭಾಗ) ಆಫ್ ಮಾಡಿ. ಕಳೆದುಕೊಳ್ಳುವುದೂ ಇದೆ. ರಾತ್ರಿ ಹೊತ್ತು ಪರದೆಯನ್ನು ಹಳದಿ ಮಾಡುವ ಸೌಲಭ್ಯ ಗ್ನೋಮ್, ಕೆಡಿಇ ಎರಡರಲ್ಲೂ ಒಳಗೇ ಇದೆ. ಎಕ್ಸ್‌ಎಫ್‌ಸಿಇಯಲ್ಲಿ ಇಲ್ಲ, ರೆಡ್‌ಶಿಫ್ಟ್ ಎಂಬ ಪ್ರೋಗ್ರಾಂ ಹಾಕಿಕೊಳ್ಳಬೇಕು.

ಥೀಮ್‌ಗಳ ವಿಷಯದಲ್ಲಿ ನಾನು ಸ್ವಲ್ಪ ಜಿಪುಣ. ವಾಲ್‌ಪೇಪರ್ ಎಷ್ಟಾದರೂ ಬದಲಿಸಿ, ಅದು ಬರೀ ಚಿತ್ರ. ಆದರೆ ಕೆಡಿಇಯ ಗ್ಲೋಬಲ್ ಥೀಮ್ ಎಂಬುದು ಬರೀ ಬಣ್ಣವಲ್ಲ, ಅದರೊಳಗೆ ಓಡುವ ಕೋಡ್ ಕೂಡ ಇರಬಹುದು. 2024ರ ಮಾರ್ಚ್‌ನಲ್ಲಿ ಹೊರಗಿನವರು ಹಾಕಿದ್ದ ಒಂದು ಗ್ಲೋಬಲ್ ಥೀಮ್ ಬಳಕೆದಾರರೊಬ್ಬರ ಫೈಲುಗಳನ್ನೇ ಅಳಿಸಿಹಾಕಿತು. ಕೆಟ್ಟ ಉದ್ದೇಶದಿಂದಲ್ಲ, ಕೋಡ್‌ನಲ್ಲಿದ್ದ ತಪ್ಪಿನಿಂದ. ಆಮೇಲೆ ಕೆಡಿಇಯವರೇ ಎಚ್ಚರಿಕೆ ಕೊಟ್ಟರು. ಡೆಬಿಯನ್ ಪ್ಯಾಕೇಜುಗಳಲ್ಲಿರುವ ಥೀಮ್‌ಗಳೇ ಬೇಕಾದಷ್ಟಿವೆ. ಗ್ನೋಮ್‌ನಲ್ಲಂತೂ 2022ರ ನಂತರದ ಹೆಚ್ಚಿನ ಪ್ರೋಗ್ರಾಂಗಳು ಹೊರಗಿನ ಥೀಮ್‌ಗೆ ಸೊಪ್ಪು ಹಾಕುವುದಿಲ್ಲ. ಕಪ್ಪು ನೋಟ ಇಲ್ಲವೇ ಬಿಳಿ ನೋಟ ಆರಿಸಬಹುದು, 47ನೇ ಆವೃತ್ತಿಯಿಂದ ಬಟನ್ ಮುಂತಾದವು ಎದ್ದು ಕಾಣುವ ಬಣ್ಣ ಆರಿಸಬಹುದು, ಅಷ್ಟೇ.

ಇನ್ನು ಕನ್ನಡ. ಡೆಸ್ಕ್‌ಟಾಪ್ ಹೇಗೆ ಕಾಣುತ್ತದೆ ಎಂಬುದಕ್ಕಿಂತ ಇದನ್ನೇ ಮೊದಲು ಪರೀಕ್ಷಿಸಿ. ಗ್ನೋಮ್ ಇಲ್ಲಿ ಎಲ್ಲರಿಗಿಂತ ಮುಂದೆ. ಸೆಟ್ಟಿಂಗ್ಸ್‌ನ ಕೀಬೋರ್ಡ್ ಪುಟದಲ್ಲಿ ಇನ್‌ಪುಟ್ ಸೋರ್ಸ್ ಎಂದಿದೆ, ಅಲ್ಲಿ ಕನ್ನಡ ಸೇರಿಸಿ, ಸೂಪರ್ ಮತ್ತು ಸ್ಪೇಸ್ ಒಟ್ಟಿಗೆ ಒತ್ತಿ ಬದಲಿಸುತ್ತಾ ಹೋಗಬಹುದು. ಎಕ್ಸ್‌ಎಫ್‌ಸಿಇಯಲ್ಲಿ ಎರಡು ದಾರಿ. ಕೀಬೋರ್ಡ್ ಸೆಟ್ಟಿಂಗ್‌ನ ಲೇಔಟ್ ಪುಟದಲ್ಲಿ ಇಂಡಿಯನ್ ಎಂಬುದರ ಕೆಳಗೆ ಕನ್ನಡದ ಕಗಪ ವಿನ್ಯಾಸ ಇದೆ. ನುಡಿಯಲ್ಲಿ ಬೆರಳು ಪಳಗಿದವರಿಗೆ ಹತ್ತಿರವಾದದ್ದು. ಬೇರೆ ಏನೂ ಹಾಕಬೇಕಾಗಿಲ್ಲ. ಇಂಗ್ಲಿಷ್ ಲೇಔಟನ್ನೇ ಪಟ್ಟಿಯಲ್ಲಿ ಮೊದಲು ಇಡಿ. ಇಲ್ಲದಿದ್ದರೆ ಲಾಕ್ ಆದ ಪರದೆಯಲ್ಲಿ ಪಾಸ್‌ವರ್ಡ್ ಬದಲು ಕನ್ನಡ ಅಕ್ಷರ ಬಿದ್ದು ಒಳಗೆ ಬಿಡುವುದಿಲ್ಲ.

ಇಂಗ್ಲಿಷ್ ಅಕ್ಷರದಲ್ಲಿ ಬರೆದು ಕನ್ನಡ ಮೂಡಬೇಕು ಅನ್ನುವವರಿಗೆ ಎರಡನೇ ದಾರಿ. ಬೇರೆ ಭಾಷೆಗಳಲ್ಲಿ ಟೈಪ್ ಮಾಡಲು ನೆರವಾಗುವ ಐಬಸ್ (ibus) ಮತ್ತು ಅದರ ಎಂ17ಎನ್ ಪ್ಯಾಕೇಜ್ (ibus-m17n) ಹಾಕಿ. ಐಎಂ-ಕಾನ್ಫಿಗ್ ಎಂಬ ಪ್ರೋಗ್ರಾಂನಲ್ಲಿ ಐಬಸ್ ಆರಿಸಿ, ಲಾಗ್ ಔಟ್ ಆಗಿ ಬನ್ನಿ. ಆಮೇಲೆ ಐಬಸ್ ಪ್ರಿಫರೆನ್ಸಸ್‌ನಲ್ಲಿ ಕನ್ನಡದ ಕೆಳಗೆ ಐಟ್ರಾನ್ಸ್, ಕೆಜಿಪಿ, ಇನ್‌ಸ್ಕ್ರಿಪ್ಟ್ ಎಲ್ಲಾ ಕಾಣುತ್ತವೆ. ಮೊದಲ ದಾರಿ, ಎರಡನೇ ದಾರಿ ಎರಡನ್ನೂ ಒಟ್ಟಿಗೆ ಇಟ್ಟುಕೊಳ್ಳಬೇಡಿ, ಒಂದಕ್ಕೊಂದು ಅಡ್ಡ ಬರುತ್ತವೆ. ಕೆಡಿಇಗೆ ಹೋದವರು ಸಿಸ್ಟಂ ಸೆಟ್ಟಿಂಗ್ಸ್‌ನ ವರ್ಚುವಲ್ ಕೀಬೋರ್ಡ್ ಪುಟದಲ್ಲಿ ಐಬಸ್ ಆರಿಸಬೇಕು. ಹೆಸರು ನೋಡಿದರೆ ಅಲ್ಲಿ ಇರುತ್ತದೆ ಅಂತ ಯಾರಿಗೂ ಹೊಳೆಯುವುದಿಲ್ಲ, ಅಲ್ವಾ? ಯಾವುದೇ ಆಗಲಿ, ಫೈರ್‌ಫಾಕ್ಸ್, ಲಿಬ್ರೆ ಆಫೀಸ್ ಮತ್ತು ಟರ್ಮಿನಲ್ ಮೂರರಲ್ಲೂ ಒಂದೊಂದು ಸಾಲು ಬರೆದು ನೋಡಿ. ಅಕ್ಷರಕ್ಕೆ ಗುಬ್ಬಿ, ನವಿಲು, ಲೋಹಿತ್ ಫಾಂಟ್‌ಗಳು ಡೆಬಿಯನ್‌ನಲ್ಲೇ ಸಿಗುತ್ತವೆ.

ಕನ್ನಡ ಸರಿಯಾಗಿ ಬಂತು, ಕೈಯೂ ಕೂತಿತು ಅನ್ನಿಸಿದ ಮೇಲೆ ಗ್ನೋಮ್ ತೆಗೆಯುವ ಯೋಚನೆ ಮಾಡಿ. ಎರಡೂ ಇದ್ದರೆ ಒಂದೇ ಮನೆಯಲ್ಲಿ ಎರಡು ಅಡುಗೆಮನೆ ಇದ್ದಂತೆ: ಎರಡು ಟರ್ಮಿನಲ್, ಎರಡು ಫೈಲ್ ಮ್ಯಾನೇಜರ್, ಎರಡು ಟೆಕ್ಸ್ಟ್ ಎಡಿಟರ್. ಡಿಸ್ಕ್‌ನಲ್ಲಿ ಜಾಗ ಇದ್ದರೆ ಬಿಟ್ಟುಬಿಡಿ, ಏನೂ ಆಗುವುದಿಲ್ಲ. ತೆಗೆಯಲೇಬೇಕೆಂದರೆ, ಒಪ್ಪಿಗೆ ಕೊಡುವ ಮೊದಲು ತೆಗೆಯಲಿರುವ ಪ್ಯಾಕೇಜುಗಳ ಪಟ್ಟಿಯನ್ನು ಪೂರ್ತಿ ಓದಿ. ಅದರಲ್ಲಿ ನೆಟ್‌ವರ್ಕ್ ಮ್ಯಾನೇಜರ್ ಹೆಸರು ಕಂಡರೆ ಅಲ್ಲೇ ನಿಲ್ಲಿಸಿ, ಇಲ್ಲದಿದ್ದರೆ ವೈಫೈ ಹೋಗುತ್ತದೆ. ಜಿಡಿಎಂ3 ಹೋಗುತ್ತಿದ್ದರೆ ಲೈಟ್‌ಡಿಎಂ ಇದೆಯಾ ಎಂದು ಮೊದಲೇ ನೋಡಿಕೊಳ್ಳಿ. ಜೊತೆಗೆ ಎಕ್ಸ್‌ಎಫ್‌ಸಿಇ ಪ್ಯಾನಲ್ ಪ್ರೊಫೈಲ್ಸ್ ಎಂಬ ಚಿಕ್ಕ ಪ್ರೋಗ್ರಾಂ ಹಾಕಿ, ನೀವು ಜೋಡಿಸಿದ ಪ್ಯಾನಲನ್ನು ಒಂದು ಫೈಲಾಗಿ ಉಳಿಸಿಡಿ. ಮುಂದೆ ಯಾರಾದರೂ ಅದನ್ನು ಎಳೆದಾಡಿ ಹಾಳು ಮಾಡಿದರೆ ಎರಡು ಕ್ಲಿಕ್‌ನಲ್ಲಿ ವಾಪಸ್ ತರಬಹುದು.