ಸ್ಟ್ಯಾಂಡ್ ಅಪ್ ಟು, ಸ್ಟ್ಯಾಂಡ್ ಅಪ್ ಫಾರ್, ಮತ್ತು ನಮ್ಮ ‘ಗೆ’

ಹೋದ ವಾರದ ಮೀಟಿಂಗಿನಲ್ಲಿ, ರಜೆಯಲ್ಲಿದ್ದ ನಮ್ಮ ಟೀಮಿನ ಹುಡುಗಿಯ ತಲೆಗೆ ಅವಳು ಮಾಡದ ತಪ್ಪನ್ನು ಕಟ್ಟಿದರು. ನಾನು ಅವಳನ್ನು ವಹಿಸಿಕೊಂಡು ಮಾತಾಡಿದೆ. ಸಂಜೆ ಜಂಬದಿಂದ ವಾಟ್ಸಾಪ್ ಮಾಡಿದೆ: ‘ಐ ಸ್ಟುಡ್ ಅಪ್ ಟು ಯು ಟುಡೇ.’ ಬಂದದ್ದು ಬರೀ ಒಂದು ಪ್ರಶ್ನೆ ಚಿಹ್ನೆ. ಆಮೇಲೆ, ‘ನಾನೇನೋ ಮಾಡಿದೆ ನಿನಗೆ?’

ನಾನು ಬರೆದದ್ದರ ಅರ್ಥ ‘ಇವತ್ತು ನಿನಗೆ ತಿರುಗಿಬಿದ್ದೆ’ ಅಂತ! ಸ್ಟ್ಯಾಂಡ್ ಅಪ್ ಟು ಅಂದ್ರೆ ಜೋರು ಮಾಡುವವರ ಎದುರು ಹೆದರದೆ ನಿಲ್ಲೋದು. ಸ್ಟ್ಯಾಂಡ್ ಅಪ್ ಫಾರ್ ಅಂದ್ರೆ ಒಬ್ಬರ ಪರ ನಿಲ್ಲೋದು. ಒಂದು ಪುಟಾಣಿ ಪದಕ್ಕೆ ಅರ್ಥವೇ ತಲೆಕೆಳಗು.

ತಪ್ಪಿನ ಬೇರು ನಮ್ಮ ‘ಗೆ’ಯಲ್ಲಿದೆ ಅನ್ನೋದು ನನ್ನ ಲೆಕ್ಕ. ‘ಊರಿಗೆ ಹೋದೆ’ ಅನ್ನುವಾಗ ಅದು ಟು, ‘ಮಗುವಿಗೆ ಅಂತ ತಂದೆ’ ಅನ್ನುವಾಗ ಫಾರ್. ‘ನಿನಗೆ ಸಪೋರ್ಟ್ ಮಾಡ್ತೀನಿ’ ಅನ್ನುವಾಗ ಎರಡೂ ಬೇಡ, ‘ಐ ಸಪೋರ್ಟ್ ಯು’ ಅಷ್ಟೇ. ನಾವು ಮಾತ್ರ ‘ಸಪೋರ್ಟ್ ಟು ಯು’ ಅಂದುಬಿಡುತ್ತೇವೆ, ಅಲ್ವಾ?

ಈಗ ನಾನು ಮಾಡೋದು ಇಷ್ಟು: ಮನಸ್ಸಿನಲ್ಲೇ ಕನ್ನಡದಲ್ಲಿ ಹೇಳಿ ನೋಡುತ್ತೇನೆ. ‘ವಹಿಸಿಕೊಂಡು’ ಕೂತರೆ ಫಾರ್, ‘ತಿರುಗಿಬಿದ್ದು’ ಕೂತರೆ ಟು. ‘ಶಿ ಸ್ಟುಡ್ ಅಪ್ ಟು ದ ಬುಲ್ಲಿ ಅಂಡ್ ಸ್ಟುಡ್ ಅಪ್ ಫಾರ್ ಹರ್ ಬ್ರದರ್.’ ಪುಂಡನಿಗೆ ತಿರುಗಿಬಿದ್ದಳು, ತಮ್ಮನನ್ನು ವಹಿಸಿಕೊಂಡಳು. ಇದೊಂದು ವಾಕ್ಯವನ್ನು ಬಾಯಿಪಾಠ ಮಾಡಿದ್ದೇನೆ. ಸ್ಟಿಕ್ ಅಪ್ ಫಾರ್ ಅಂದರೂ ಹೆಚ್ಚುಕಮ್ಮಿ ಇದೇ, ಸ್ವಲ್ಪ ಸಲುಗೆಯ ಮಾತು. ಟು, ಫಾರ್ ಎರಡೂ ಇಲ್ಲದೆ ‘ಶಿ ಸ್ಟುಡ್ ಮಿ ಅಪ್’ ಅಂದರೆ ಮತ್ತೊಂದೇ ಕಥೆ: ಬರ್ತೀನಿ ಅಂತ ಹೇಳಿ ಬರದೆ ಕೈಕೊಟ್ಟಳು.

ಸ್ಟ್ಯಾಂಡ್ ಬೈಗೆ ಮಾತೇ ಬೇಕಿಲ್ಲ. ಕಷ್ಟದಲ್ಲಿ ಕೈಬಿಡದೆ ಜೊತೆಗಿದ್ದರೆ ಸಾಕು. ಆರ್‌ಸಿಬಿ ಅಭಿಮಾನಿಗಳನ್ನು ನೆನೆಸಿಕೊಳ್ಳಿ. ಮ್ಯಾಚ್ ದಿನ ಗೆಲ್ಲಲಿ ಅಂತ ಕೂಗೋದು ರೂಟ್ ಫಾರ್. 2008ರಿಂದ 17 ಸೀಸನ್ ಕಪ್ ಇಲ್ಲದಿದ್ದರೂ ‘ಈ ಸಲ ಕಪ್ ನಮ್ದೇ’ ಅಂತ 2025ರವರೆಗೆ ಕಾದರಲ್ಲ, ಅದು ಸ್ಟ್ಯಾಂಡ್ ಬೈ. ಆದರೆ ಯಾರ ಜೊತೆ ಅಂತ ಹೇಳದೆ ಸುಮ್ನೆ ‘ದೇ ಸ್ಟುಡ್ ಬೈ’ ಅಂದರೆ ಎಷ್ಟೋ ಸಲ ಕೈಕಟ್ಟಿ ನೋಡುತ್ತಾ ನಿಂತರು ಅಂತಾಗುತ್ತದೆ. ಬೈಸ್ಟ್ಯಾಂಡರ್ ಅಂದರೆ ಹಾಗೆ ನೋಡುತ್ತಾ ನಿಂತವನು. ತಮಾಷೆ ಅಂದರೆ, ಕೇರಳದ ಆಸ್ಪತ್ರೆಗಳಲ್ಲಿ ರೋಗಿಯ ಜೊತೆ ಉಳಿಯುವವರಿಗೇ ಆ ಹೆಸರು.

ಬ್ಯಾಕ್ ನಮಗೆ ಸುಲಭ. ಬೆನ್ನು ಮತ್ತು ಬಲ ಸೇರಿ ತಾನೇ ನಮ್ಮ ಬೆಂಬಲ ಆಗಿದ್ದು! ‘ಐ ಹ್ಯಾವ್ ಯುವರ್ ಬ್ಯಾಕ್’ ಅಂದರೆ ನಿನ್ನ ಬೆನ್ನಿಗೆ ನಾನಿದ್ದೇನೆ ಅಂತ. ‘ಬಿಹೈಂಡ್ ಯುವರ್ ಬ್ಯಾಕ್’ ಮಾತ್ರ ಬೆನ್ನ ಹಿಂದೆ ಮಾಡುವ ಕಿತಾಪತಿ, ಜೋಕೆ.

ಸೈಡ್ ವಿತ್ ಬೇಕಾಗುವುದು ಜಗಳದಲ್ಲಿ ಎರಡು ಕಡೆ ಇದ್ದು, ನಾವು ಒಂದು ಕಡೆ ಸೇರಿದಾಗ.

ಆಸ್ಟ್ರೇಲಿಯಾದಲ್ಲಿರುವವರಿಗೆ ಒಂದು ಮಾತು: ಅಲ್ಲಿ ರೂಟ್ ಅನ್ನೋದಕ್ಕೆ ಪೋಲಿ ಅರ್ಥವೂ ಇದೆ. ಅವರು ತಮ್ಮ ಟೀಮಿಗೆ ‘ಬ್ಯಾರಕ್ ಫಾರ್’ ಅನ್ನುತ್ತಾರೆ.